ಇಸ್ತ್ರಿಯಕ್ಕನ ಕೊನೆಯ ಮೂವತ್ತೆರಡು

ಡಾರ್ಟ್ಸ್ ಆಡುವವರಲ್ಲಿ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೈದು ವರ್ಷ ಗಂಡನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವಳು. ಆಡಲು ಬರುವಾಗ ಅವಳ ಅಂಗಿಯ ತೋಳಿನ ಗೆರೆ ಎಷ್ಟು ನೆಟ್ಟಗಿರುತ್ತಿತ್ತೆಂದರೆ ಎದುರಾಳಿಗಳು ತಮ್ಮ ಮುದುರಿದ ಅಂಗಿಯನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು. ಅರ್ಧ ಪಂದ್ಯ ಅಲ್ಲೇ ಗೆದ್ದೆ ಎಂದು ಅವಳು ನಗುತ್ತಿದ್ದಳು. ಇದು ಅವಳು ನಗುತ್ತಿದ್ದ ಕಾಲದ ಮಾತು.

ಆ ಆಟ ಅವಳ ಮನೆಗೆ ಬಂದದ್ದೇ ಒಂದು ತೂತಿನಿಂದ. ಲಾಂಡ್ರಿಯ ಹಿಂಬಾಗಿಲಿಗೆ ಯಾವುದೋ ಕಾಲದಲ್ಲಿ ಯಾರೋ ಒದ್ದು ಮಾಡಿದ ತೂತಿತ್ತು. ಚಳಿಗಾಲದಲ್ಲಿ ಅದರೊಳಗಿಂದ ಗಾಳಿ ನುಗ್ಗಿ ಅತ್ತೆಯ ಮೊಣಕಾಲು ಹಿಡಿಯುತ್ತಿತ್ತು. ಮೇಲ್ಮಹಡಿಯಲ್ಲಿ ಬಾಡಿಗೆಗಿದ್ದ ಹಡಗಿನ ಅಡುಗೆಯವನೊಬ್ಬ ಮನೆ ಖಾಲಿ ಮಾಡುವಾಗ ಹಳೆಯ ಡಾರ್ಟ್ ಬೋರ್ಡೊಂದನ್ನು ಬಿಟ್ಟುಹೋದ. ಗಂಡ ಅದನ್ನು ತೂತಿನ ಮೇಲೆ ಜಡಿದ. ಗಾಳಿ ನಿಂತಿತು, ಅತ್ತೆಯ ಗೊಣಗಾಟ ಅರ್ಧ ನಿಂತಿತು. ಬೋರ್ಡಿನ ಜೊತೆ ಒಂದು ಡಬ್ಬಿಯಲ್ಲಿ ಬೆರಳುದ್ದದ ಮೊನಚು ಬಾಣದಂಥ ಮೂರು ಡಾರ್ಟ್, ಆಟದ ನಿಯಮದ ಒಂದು ಚೀಟಿ ಇದ್ದವು. ಇಸ್ತ್ರಿ ಕಾಯುವವರೆಗೆ ಸುಮ್ಮನೆ ನಿಲ್ಲುವುದು ಅವಳ ಜಾಯಮಾನವಲ್ಲ. ಮೇಜಿನ ಹಿಂದಿನಿಂದಲೇ ಒಂದೊಂದಾಗಿ ಎಸೆದಳು. ಮೂರೂ ಹೋಗಿ ಒಂದೇ ಕಡೆ ನಾಟಿದವು.

"ಬಾಗಿಲಿಗೆ ಮೊಳೆ ಹೊಡೆಯೋದೂ ಒಂದು ಕೆಲಸಾನಾ?" ಎಂದರು ಅತ್ತೆ.

"ಅತ್ತೆ, ಇದು ಆಟ. ಐನೂರ ಒಂದರಿಂದ ಕಳೀತಾ ಕಳೀತಾ ಸೊನ್ನೆಗೆ ಬರಬೇಕು. ಕೊನೇ ಡಾರ್ಟ್ ಮಾತ್ರ ಈ ಹೊರಗಿನ ಸಣ್ಣ ಪಟ್ಟಿಗೇ ಬೀಳಬೇಕು. ಅದಕ್ಕೆ ಡಬಲ್ ಅಂತಾರೆ, ಅಲ್ಲಿ ಅಂಕಿ ಎರಡರಷ್ಟು."

"ಸೊನ್ನೆಗೆ ಬರೋಕೆ ಇಷ್ಟು ಕಷ್ಟ ಯಾಕೆ? ನಾವೆಲ್ಲ ಸುಲಭವಾಗಿ ಬಂದಿಲ್ವಾ?" ಎಂದು ಮುದುಕಿ ಕೌಂಟರಿನತ್ತ ನಡೆದರು.

ಆದರೆ ಗಂಡ ನೋಡಿದ್ದ. ಮಾತು ಕಡಿಮೆಯ ಮನುಷ್ಯ. ಮಾರನೆಯ ದಿನ ಅಳತೆಪಟ್ಟಿ ತಂದು, ಬೋರ್ಡಿನಿಂದ ಏಳು ಅಡಿ ಒಂಬತ್ತು ಇಂಚಿಗೆ ನೆಲದ ಮೇಲೆ ಬಣ್ಣದ ಗೆರೆ ಎಳೆದ. ಇಸ್ತ್ರಿಮೇಜನ್ನು ಎರಡು ಗೇಣು ಹಿಂದಕ್ಕೆ ಸರಿಸಿದ. ಬಟ್ಟೆಗೆ ಗುರುತು ಹಾಕುವ ಚಾಕ್‌ನಲ್ಲಿ ಬಾಗಿಲ ಪಕ್ಕ ಅಂಕಿ ಬರೆಯತೊಡಗಿದ. ಹತ್ತು ವರ್ಷ ಹೀಗೇ ನಡೆಯಿತು. ಬೀದಿಯ ಕ್ಲಬ್ಬು, ಊರಿನ ಕಪ್ಪು, ಜಿಲ್ಲೆಯ ಕಪ್ಪು. ಹೆಂಗಸು ಎಂದು ಮೂಗು ಮುರಿದವರ ಬೆವರಿಳಿಸಿ ಮನೆಗೆ ಬಂದು ಮತ್ತೆ ಅಂಗಿ ಮಡಿಸುತ್ತಿದ್ದಳು. ನಲವತ್ತೆರಡನೆಯ ವಯಸ್ಸಿನಲ್ಲಿ, ನಾಲ್ಕು ದಿನದ ಅರ್ಹತಾ ಪಂದ್ಯಗಳಲ್ಲಿ ನಾನೂರು ಜನರ ನಡುವೆ ಆಡಿ, ವೃತ್ತಿಪರ ಆಟಗಾರ್ತಿಯ ಕಾರ್ಡ್ ಪಡೆದಳು. ಅಂಗೈಯಗಲದ ಪ್ಲಾಸ್ಟಿಕ್ ತುಂಡು. ಎರಡು ವರ್ಷ ಎಲ್ಲ ದೊಡ್ಡ ಪಂದ್ಯಗಳಿಗೂ ಅದೇ ಬಾಗಿಲು.

ಅತ್ತೆ ಅದನ್ನು ಕನ್ನಡಕ ಹಾಕಿಕೊಂಡು ನೋಡಿದರು. "ಫೋಟೋದಲ್ಲಿ ಯಾಕೆ ಹೀಗೆ ಕಳ್ಳಿ ಥರ ಇದ್ದೀಯ?" ಎಂದರು. ಆಮೇಲೆ ಲಾಂಡ್ರಿಗೆ ಬಂದವರಿಗೆಲ್ಲ, ಕೇಳಲಿ ಬಿಡಲಿ, "ನಮ್ಮ ಸೊಸೆ ಊರಲ್ಲಿಲ್ಲ, ಆಡೋಕೆ ಹೋಗಿದ್ದಾಳೆ" ಎಂದು ಹೇಳಿಯೇ ಬಟ್ಟೆ ಕೊಡುತ್ತಿದ್ದರು.

ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ಎರಡನೆಯ ವರ್ಷದ ಮಧ್ಯದಲ್ಲಿ ಅವಳಿಗೆ "ಅದು" ಬಂತು.

ಅದಕ್ಕೊಂದು ಹೆಸರಿದೆ. ಆಟಗಾರರು ಅದನ್ನು ಬಾಯಲ್ಲಿ ಹೇಳುವುದಿಲ್ಲ. ಯಾರಿಗೋ "ಅದು" ಬಂದಿದೆಯಂತೆ ಎಂದು ದನಿ ತಗ್ಗಿಸಿ ಹೇಳಿ ಮಾತು ಬದಲಿಸುತ್ತಾರೆ. ಕಣ್ಣಿಗೇನೂ ಆಗಿರುವುದಿಲ್ಲ, ತೋಳಿಗೆ ನೋವಿರುವುದಿಲ್ಲ. ಗೆರೆಯ ಮೇಲೆ ನಿಂತು ಕೈ ಎತ್ತಿ ಹಿಂದಕ್ಕೆ ತಂದು ಮುಂದಕ್ಕೆ ಚಾಚಿದರೆ ಬೆರಳು ಡಾರ್ಟನ್ನು ಬಿಡುವುದಿಲ್ಲ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಬಿಡು ಎಂದರೆ ಬಿಡುವುದಿಲ್ಲ. ಕೆಲವೊಮ್ಮೆ ಐದನೆಯ ಸಲಕ್ಕೆ ಬಿಡುತ್ತದೆ, ಕೆಲವೊಮ್ಮೆ ಕಾಲ ಬುಡದಲ್ಲೇ ಬೀಳಿಸುತ್ತದೆ. ವೈದ್ಯರು ನರ ನೋಡಿದರು, ಏನೂ ಇಲ್ಲ ಎಂದರು. ಇಸ್ತ್ರಿಪೆಟ್ಟಿಗೆ ಹಿಡಿದರೆ ಅದೇ ಕೈ ಬೆಣ್ಣೆಯಂತೆ ಓಡುತ್ತಿತ್ತು. ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು. ಎಷ್ಟೋ ಮಧ್ಯಾಹ್ನ ಲಾಂಡ್ರಿಯ ಬಾಗಿಲು ಹಾಕಿ, ಬೋರ್ಡಿನ ಮುಂದೆ ನಿಂತು, ಒಂದು ಡಾರ್ಟನ್ನೂ ಎಸೆಯಲಾಗದೆ ಅತ್ತಿದ್ದಳು. ಗಂಡ ಚಾಕ್ ಹಿಡಿದುಕೊಂಡು ಸುಮ್ಮನೆ ಕಾಯುತ್ತಿದ್ದ. ಒಮ್ಮೆಯೂ "ಎಸಿ" ಎನ್ನಲಿಲ್ಲ.

ಎಲ್ಲಕ್ಕಿಂತ ಅವಳನ್ನು ಹಿಂಡಿದ್ದು ಉಳಿದ ಆಟಗಾರರ ಒಂದು ಪದ್ಧತಿ. "ಅದು" ನೋಡಿದವರಿಗೂ ಅಂಟುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಅವಳು ಎಸೆಯಲು ನಿಂತರೆ ಎದುರಾಳಿಗಳು ಬೆನ್ನು ತಿರುಗಿಸುತ್ತಿದ್ದರು. ಒಬ್ಬ ಗೋಡೆ ನೋಡುತ್ತಿದ್ದ, ಇನ್ನೊಬ್ಬ ಶೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಊಟದ ಮೇಜಿನಲ್ಲಿ ಅವಳ ಪಕ್ಕದ ಕುರ್ಚಿ ಖಾಲಿ ಉಳಿಯುತ್ತಿತ್ತು.

ಬೆನ್ನು ತಿರುಗಿಸದೆ ಇದ್ದವನು ಒಬ್ಬನೇ, ಬೇಕರಿಯವನು. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಬೇಕರಿಯನ್ನು ತಂಗಿಯ ಕೈಗೆ ಬಿಟ್ಟು ಬಂದು ಅವಳ ಜೊತೆಗೇ ಕಾರ್ಡ್ ಪಡೆದಿದ್ದ. ಎರಡು ವರ್ಷ ಇಬ್ಬರೂ ಅವನ ಬ್ರೆಡ್ ಹಂಚುವ ವ್ಯಾನಿನಲ್ಲೇ ಊರೂರು ಸುತ್ತಿದ್ದರು. ಅವಳನ್ನು ಅಕ್ಕ ಎಂದು ಕರೆಯುತ್ತಿದ್ದ, ಬಾಯಿ ಸುಮ್ಮನಿರುತ್ತಿರಲಿಲ್ಲ. ತನ್ನ ಪಂದ್ಯ ಮುಗಿದ ಕೂಡಲೇ ಬಂದು ಅವಳ ಹಿಂದೆ ನಿಂತು, ಅವಳ ಕೈಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ.

"ನಿನಗೆ ಅಂಟಿದರೆ ಏನು ಮಾಡ್ತೀಯೋ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಅಂಟಲಿ ಬಿಡಕ್ಕ. ನಿನ್ನ ಇಸ್ತ್ರಿನೂ ಅಂಟುತ್ತಾ ಅಂತ ಕಾಯ್ತಿದ್ದೀನಿ. ಅದೊಂದೂ ಅಂಟ್ತಿಲ್ಲ."

ಕಾರ್ಡಿನ ಎರಡು ವರ್ಷ ಮುಗಿಯುವ ವಾರ, ವರ್ಷದ ಕೊನೆಯ ಪಂದ್ಯಾವಳಿ. ದೊಡ್ಡ ಶೆಡ್ಡಿನಂಥ ಹಾಲ್, ಇಪ್ಪತ್ತನಾಲ್ಕು ಬೋರ್ಡು, ಇಪ್ಪತ್ತನಾಲ್ಕು ಕಡೆ ಒಟ್ಟಿಗೆ ಠಪ್ ಠಪ್ ಸದ್ದು. ಪಕ್ಕದವರು ಮಾತನಾಡಿದರೂ ಕೇಳಿಸುತ್ತಿರಲಿಲ್ಲ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮೊದಲ ಅರವತ್ತನಾಲ್ಕು ಜನರ ಕಾರ್ಡ್ ಮಾತ್ರ ಉಳಿಯುವುದು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ಅರವತ್ತಮೂರು ತೀರ್ಮಾನವಾಗಿತ್ತು. ಉಳಿದ ಒಂದು ಜಾಗದ ಲೆಕ್ಕ ಹಾಕಿದ ಅಧಿಕಾರಿ ಪೆನ್ನಿನಿಂದ ಎರಡು ಹೆಸರ ಸುತ್ತ ಗೆರೆ ಎಳೆದಿದ್ದ. ಎರಡನೆಯ ಸುತ್ತಿನಲ್ಲಿ ಅವರಿಬ್ಬರಿಗೇ ಪಂದ್ಯ, ಗೆದ್ದವರಿಗೆ ಜಾಗ. ಒಂದು ಅವಳ ಹೆಸರು, ಇನ್ನೊಂದು ಬೇಕರಿಯವನದು.

ಇಬ್ಬರೂ ಪಟ್ಟಿಯ ಮುಂದೆ ನಿಂತರು. ಅವನು ಎರಡು ಹೆಸರ ಮೇಲೂ ಬೆರಳಾಡಿಸಿ ನೋಡಿದ.

"ಒಂದೇ ವ್ಯಾನಲ್ಲಿ ಬಂದಿದ್ದೀವಲ್ಲೋ," ಎಂದಳು ಅವಳು ಕೊನೆಗೆ.

"ಒಂದೇ ವ್ಯಾನಲ್ಲಿ ಹೋಗೋಣ ಅಕ್ಕ. ಆಡಿ ಮುಗಿಸೋಣ," ಎಂದ ಅವನು. ಅವಳ ಮುಖ ನೋಡದೆ ಹೇಳಿದ.

ಅವಳಿಗೆ ಆ ಕಾರ್ಡ್ ಬೇಕೇಬೇಕಿತ್ತು. ಕೈ ನೆಟ್ಟಗಿದ್ದ ಕಾಲದಲ್ಲೇ ಅದನ್ನು ಗಿಟ್ಟಿಸಲು ಹತ್ತು ವರ್ಷ ಹಿಡಿದಿತ್ತು. ಈ ಕೈಯಲ್ಲಿ ಮತ್ತೆ ನಾನೂರು ಜನರ ನಡುವೆ ನಾಲ್ಕು ದಿನ ಆಡಿ ಪಡೆಯುವುದು ಕನಸಿನ ಮಾತು. ಕಳೆದುಕೊಂಡರೆ ಮುಗಿಯಿತು. ಉಳಿದರೆ ಕೈ ಸರಿಹೋಗಲು ಇನ್ನೆರಡು ವರ್ಷ ಸಿಕ್ಕ ಹಾಗೆ. ಅವಳು ಬೇಡಿಕೊಂಡದ್ದು ಆ ಎರಡು ವರ್ಷವನ್ನು ಮಾತ್ರ.

ಆರು ಆಟ ಮೊದಲು ಗೆದ್ದವರಿಗೆ ಪಂದ್ಯ. ಬೋರ್ಡಿನ ಪಕ್ಕದ ಬಿಳಿ ಹಲಗೆಯಲ್ಲಿ ಎರಡು ಅಂಕಣ, ಎಡಗಡೆ ಅವಳದು, ಬಲಗಡೆ ಅವನದು. ಬೋಳುತಲೆಯವನೊಬ್ಬ ಹಲಗೆಯ ಹತ್ತಿರ ನಿಂತು, ಪ್ರತಿ ಸರದಿಯಲ್ಲೂ ಬಿದ್ದ ಅಂಕಿಯನ್ನು ಗೊಣಗಿ, ಉಳಿದದ್ದನ್ನು ಬರೆಯುತ್ತಿದ್ದ. ಗದ್ದಲದಲ್ಲಿ ಅವನ ಗೊಣಗು ಅವನ ಮೀಸೆಯನ್ನೂ ದಾಟುತ್ತಿರಲಿಲ್ಲ.

ಮೊದಲ ಆಟದಲ್ಲೇ ಅವಳ ಕೈ ಹಿಡಿದುಕೊಂಡಿತು. ಮೂರು ಸಲ ಮುಂದೆ ಹೋಗಿ ಹಿಂದೆ ಬಂತು. ನಾಲ್ಕನೆಯ ಸಲಕ್ಕೆ ಬಿಟ್ಟ ಡಾರ್ಟ್ ಬೋರ್ಡಿನ ತಳಕ್ಕೆ ಹೋಯಿತು. ಅವಳು ಉಸಿರು ಬಿಟ್ಟು, ಅಭ್ಯಾಸಬಲದಿಂದ, ಹಿಂದಕ್ಕೆ ತಿರುಗಿ ನೋಡಿದಳು.

ಬೇಕರಿಯವನು ಬೆನ್ನು ತಿರುಗಿಸಿ ನಿಂತಿದ್ದ.

ಅವಳಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಆರು ತಿಂಗಳು ಯಾರು ತಿರುಗಿದರೂ ತಿರುಗದವನು, ತನ್ನ ಕಾರ್ಡಿನ ಪ್ರಶ್ನೆ ಬಂದ ಕೂಡಲೇ ತಿರುಗಿದ. ಅಂಟಲಿ ಬಿಡಕ್ಕ ಎಂದಿದ್ದ ಬಾಯಿ! ಇಷ್ಟು ದಿನ ನೋಡಿದ್ದೆಲ್ಲ ಬರೀ ನಾಟಕವೇ? ಎಲ್ಲರ ಹಾಗೆ ಇವನೂ ಹೆದರುಪುಕ್ಕಲ. ಅವಳು ಹಲ್ಲು ಕಚ್ಚಿದಳು.

ಅವನು ಮೂರು ಆಟ ಗೆದ್ದ, ಅವಳು ಒಂದು. ಆಮೇಲೆ ಅವಳು ಎರಡು ಗೆದ್ದಳು. ಅವಳ ಕೈ ಬಿಡಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ ಪಕ್ಕದ ಬೋರ್ಡಿನಲ್ಲಿ ಎರಡು ಪಂದ್ಯ ಮುಗಿದಿದ್ದವು. ಆದರೆ ಒಮ್ಮೆ ಬಿಟ್ಟರೆ ಡಾರ್ಟ್ ಹೋಗಬೇಕಾದ ಕಡೆಗೇ ಹೋಗುತ್ತಿತ್ತು. ಬೇಕರಿಯವನು ತನ್ನ ಸರದಿಗೆ ಬರುವುದು, ತನ್ನ ಅಂಕಣದ ಕೊನೆಯ ಅಂಕಿ ಮಾತ್ರ ನೋಡುವುದು, ಎಸೆಯುವುದು, ಡಾರ್ಟ್ ಕಿತ್ತುಕೊಂಡು ಮತ್ತೆ ಬೆನ್ನು ತಿರುಗಿಸುವುದು. ಎಡಗಡೆಯ ಅಂಕಣ ಇದೆಯೆಂಬುದನ್ನೇ ಮರೆತವನಂತಿದ್ದ. ಅವಳ ಅಂಗಿಯ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ಐದು ನಾಲ್ಕು. ಐದು ಐದು.

ಕೊನೆಯ ಆಟ. ಅವನೇ ಮೊದಲು ಎಸೆಯುವವನು. ಐದೈದು ಸರದಿ ಮುಗಿದಾಗ ಅವನಿಗೆ ನೂರ ಮೂವತ್ತು ಉಳಿದಿತ್ತು. ಅವಳಿಗೆ ಉಳಿದದ್ದು ಮೂವತ್ತೆರಡೇ. ಹದಿನಾರರ ಡಬಲ್‌ಗೆ ಒಂದು ಡಾರ್ಟ್ ಬಿದ್ದರೆ ಆಟ, ಪಂದ್ಯ, ಕಾರ್ಡು ಎಲ್ಲ ಅವಳದೇ. ಹಲಗೆಯ ಹತ್ತಿರ ಏಳೆಂಟು ಜನ ಬಂದು ಸೇರಿದ್ದರು. ಎಲ್ಲರ ಕಣ್ಣೂ ಬಲಗಡೆಯ ಅಂಕಣದ ಮೇಲೆ. ಅವನು ಇದೇ ಸರದಿಯಲ್ಲಿ ಮುಗಿಸಬೇಕು, ಇಲ್ಲದಿದ್ದರೆ ಅವಳಿಗೆ ಮೂರು ಅವಕಾಶ.

ಅವನ ಮೊದಲ ಡಾರ್ಟ್ ಇಪ್ಪತ್ತರ ಮೂರರಷ್ಟು ಕೊಡುವ ಪಟ್ಟಿಗೆ ಬಿತ್ತು. ಅರವತ್ತು ಹೋಯಿತು, ಎಪ್ಪತ್ತು ಉಳಿಯಿತು. ಎರಡನೆಯದು ಬರೀ ಇಪ್ಪತ್ತು. ಉಳಿದದ್ದು ಐವತ್ತು, ಕೈಯಲ್ಲಿ ಒಂದು ಡಾರ್ಟು. ಬೋರ್ಡಿನ ನಟ್ಟನಡುವಿನ ಕೆಂಪು ಚುಕ್ಕೆ ಹೊಡೆದರೆ ಐವತ್ತು, ಅದೂ ಡಬಲ್‌ನ ಲೆಕ್ಕವೇ; ಅಲ್ಲಿಗೆ ಮುಗಿಯಿತು. ಬೇಕರಿಯವನು ನಡುಚುಕ್ಕೆಯಲ್ಲಿ ಗಟ್ಟಿಗ. ಹತ್ತರಲ್ಲಿ ನಾಲ್ಕು ಹೊಡೆಯುತ್ತಿದ್ದ.

ಅವನು ತನ್ನ ಅಂಕಣವನ್ನು ನೋಡಿದ. ಸ್ವಲ್ಪ ಬಲಕ್ಕೆ ವಾಲಿದ. ಸಾವಕಾಶವಾಗಿ ಗುರಿಯಿಟ್ಟು, ಹತ್ತಕ್ಕೆ ಎಸೆದ. ಹತ್ತು ಬಿತ್ತು. ನಲವತ್ತು ಉಳಿಯಿತು. ಎದುರಾಳಿ ಸೊನ್ನೆಗೆ ಇನ್ನೂ ದೂರ ಇರುವಾಗ, ಮುಂದಿನ ಸರದಿಗೆ ಅನುಕೂಲವಾದ ಡಬಲ್ ಉಳಿಸಿಕೊಳ್ಳುವವರು ಎಸೆಯುವ ಡಾರ್ಟ್ ಅದು.

ನಿಂತವರಲ್ಲಿ ಯಾರೋ "ಅಯ್ಯೋ" ಎಂದರು. ಬೋಳುತಲೆಯವನ ಪೆನ್ನು ಗಾಳಿಯಲ್ಲೇ ನಿಂತಿತು. ಬೇಕರಿಯವನಿಗೆ ಏನೂ ಗೊತ್ತಾಗಲಿಲ್ಲ. ಡಾರ್ಟ್ ಕಿತ್ತುಕೊಂಡು, ಬಂದ ದಾರಿಯಲ್ಲೇ ಹೋಗಿ, ಬೆನ್ನು ತಿರುಗಿಸಿ ನಿಂತ. ಅವಳ ಕೈ ನೂರೈವತ್ತರ ಹತ್ತಿರ ಎಲ್ಲೋ ಒದ್ದಾಡುತ್ತಿರಬೇಕು ಎಂದು ಅವನ ಎಣಿಕೆ.

ಅವಳು ಗೆರೆಯ ಮೇಲೆ ಬಂದಳು. ಮೊದಲ ಡಾರ್ಟ್. ಕೈ ಎತ್ತಿದಳು, ಹಿಂದಕ್ಕೆ ತಂದಳು, ಮುಂದಕ್ಕೆ. ಬೆರಳು ಬಿಡಲಿಲ್ಲ. ಮತ್ತೊಮ್ಮೆ. ಬಿಡಲಿಲ್ಲ. ನಾಲ್ಕನೆಯ ಸಲ, ಐದನೆಯ ಸಲ. ಆರನೆಯ ಸಲಕ್ಕೆ ಡಾರ್ಟ್ ಜಾರಿ ಅವಳ ಶೂ ಪಕ್ಕ ಬಿದ್ದು ಟಣ್ಣೆಂದಿತು. ಕೈಬಿಟ್ಟ ಡಾರ್ಟ್ ಎಸೆದ ಡಾರ್ಟೇ. ಲೆಕ್ಕಕ್ಕೆ ಬಂತು, ಸೊನ್ನೆ.

ಎರಡನೆಯದು ಮೂರೇ ಸಲಕ್ಕೆ ಹೋಯಿತು. ಡಬಲ್‌ನ ತಂತಿಯ ಹೊರಗಡೆ, ಕೂದಲೆಳೆಯಷ್ಟು ಆಚೆ ನಾಟಿತು. ನಿಂತವರೆಲ್ಲ ಒಟ್ಟಿಗೆ ಉಸಿರೆಳೆದರು. ಇನ್ನೊಂದು ತಪ್ಪಿದರೆ ಅವನು ನಲವತ್ತಕ್ಕೆ ಬರುತ್ತಾನೆ, ಮೂರು ಡಾರ್ಟಿನಲ್ಲಿ ಅವನು ನಲವತ್ತು ಬಿಡುವವನಲ್ಲ.

ಮೂರನೆಯದನ್ನು ಬೆರಳಿಗೆ ತೆಗೆದುಕೊಂಡಳು. ಕೈ ಎತ್ತುವ ಮೊದಲೇ ಗೊತ್ತಾಯಿತು, ಬಿಡುವುದಿಲ್ಲ. ಅವಳು ಹಿಂದಕ್ಕೆ ತಿರುಗಿದಳು. ಆ ಅಗಲವಾದ ಬೆನ್ನು ಅಲ್ಲೇ ಇತ್ತು, ಅಲ್ಲಾಡದೆ, ಗೋಡೆಯ ಕಡೆ ಮುಖ ಮಾಡಿಕೊಂಡು. ನಿನಗೂ ನಾನು ರೋಗವಾದೆನಲ್ಲೋ ಎಂದು ಅವಳಿಗೆ ಸಿಟ್ಟು ನೆತ್ತಿಗೇರಿತು. ಆರು ತಿಂಗಳು ತಡೆದುಕೊಂಡ ಸಿಟ್ಟು, ಗೋಡೆ ನೋಡಿದವನ ಮೇಲೆ, ಲೇಸು ಕಟ್ಟಿದವನ ಮೇಲೆ, ಖಾಲಿ ಕುರ್ಚಿಯ ಮೇಲೆ, ಎಲ್ಲ ಒಟ್ಟಾಗಿ ಈ ಒಂದು ಬೆನ್ನಿನ ಮೇಲೆ. ಬೋರ್ಡಿನತ್ತ ತಿರುಗಿ, ಗುರಿಯನ್ನೂ ಸರಿಯಾಗಿ ಇಡದೆ, ಹಾಳಾಗಿ ಹೋಗು ಎಂಬಂತೆ ಎಸೆದಳು. ಬೆರಳು ಬಿಟ್ಟದ್ದು ಅವಳಿಗೇ ತಿಳಿಯಲಿಲ್ಲ.

ಡಾರ್ಟ್ ಹದಿನಾರರ ಡಬಲ್‌ನ ನಡುವೆ ನಿಂತಿತ್ತು.

ಚಪ್ಪಾಳೆ ಕೇಳಿ ಬೇಕರಿಯವನು ತಿರುಗಿದ. ಬೋರ್ಡ್ ನೋಡಿದ. ಆಮೇಲೆ, ಪಂದ್ಯದಲ್ಲಿ ಮೊದಲ ಸಲ, ಎಡಗಡೆಯ ಅಂಕಣ ನೋಡಿದ. ಅಲ್ಲಿ ಕೊನೆಯಲ್ಲಿ ಮೂವತ್ತೆರಡು ಎಂದು ಬರೆದಿತ್ತು. ಅವನ ಮುಖದಿಂದ ರಕ್ತ ಇಳಿದುಹೋಯಿತು. ಬಂದು ಅವಳ ಕೈ ಕುಲುಕಿದ, ಫಲಿತಾಂಶದ ಚೀಟಿಗೆ ಸಹಿ ಹಾಕಿದ.

ಅವಳು ಹೊರಗಿನ ಮೆಟ್ಟಿಲಿಗೆ ಹೋಗಿ ಮನೆಗೆ ಫೋನ್ ಮಾಡಿದಳು.

"ಉಳೀತು ರೀ."

ಆ ಕಡೆ ಗಂಡ ಗಂಟಲು ಸರಿಮಾಡಿಕೊಂಡ. ಹಿಂದಿನಿಂದ ಅತ್ತೆಯ ದನಿ, "ಉಳೀತಂತಾ? ಹೇಳೋ, ಉಳೀತಂತಾ?" ಯಾರೋ ಗಿರಾಕಿಗೂ ಸುದ್ದಿ ಮುಟ್ಟಿತು.

"ಅವನು?" ಎಂದ ಗಂಡ.

ತಿರುಗಿದರೆ ಬೇಕರಿಯವನು ಬಾಗಿಲಲ್ಲಿ ನಿಂತಿದ್ದ. ಫೋನ್ ಇಟ್ಟಳು. ಸಿಟ್ಟಿನ್ನೂ ಇಳಿದಿರಲಿಲ್ಲ.

"ನೀನೂ ಹೆದರಿಬಿಟ್ಟೆ ಅಲ್ವಾ," ಎಂದಳು. "ಉಳಿದವರು ತಿರುಗಿದ್ದನ್ನ ಹೇಗೋ ತಡ್ಕೊಂಡೆ ಕಣೋ. ನೀನು ತಿರುಗಿದೆಯಲ್ಲ."

"ಅಂಟುತ್ತೆ ಅಂತ ಅಲ್ಲ ಅಕ್ಕ."

"ಮತ್ತೆ?"

ಅವನು ಮೆಟ್ಟಿಲಿನ ಕಂಬಿ ಹಿಡಿದುಕೊಂಡ. "ಮೊದಲನೇ ಆಟದಲ್ಲಿ ನೋಡ್ತಾನೇ ಇದ್ದೆ. ನಿನ್ನ ಕೈ ನಿಂತುಬಿಡ್ತಲ್ಲ, ಆಗ ನನಗೆ ಖುಷಿ ಆಯ್ತು. ನಿಲ್ಲಲಿ, ಇನ್ನೂ ನಿಲ್ಲಲಿ ಅಂತ ಒಳಗೆ ಯಾರೋ ಕುಣಿದ ಹಾಗೆ. ನನಗೇ ಹೇಸಿಗೆ ಆಯ್ತು ಅಕ್ಕ. ಆರು ತಿಂಗಳಿಂದ ನಿನ್ನ ಕೈ ಸರಿಹೋಗಲಿ ಅಂತ ನೋಡಿದ ಕಣ್ಣಲ್ಲಿ, ಅದು ನಿಲ್ಲಲಿ ಅಂತ ನೋಡೋದು ಹೇಗೆ? ಅದಕ್ಕೇ ತಿರುಗಿದೆ. ನಿನ್ನ ಅಂಕಿನೂ ನೋಡಲಿಲ್ಲ. ನೋಡಿದ್ದರೆ ನಡುಚುಕ್ಕೆಗೇ ಹೊಡೀತಿದ್ದೆ."

ಆ ಬೆನ್ನನ್ನು ಶಪಿಸುತ್ತಲೇ ಅವಳು ಆ ಡಾರ್ಟ್ ಎಸೆದಿದ್ದಳು. ಅದನ್ನು ಅವನಿಗೆ ಹೇಳಬೇಕೆಂದುಕೊಂಡಳು, ಹೇಳಲು ನಾಚಿಕೆಯಾಯಿತು. ಕಣ್ಣಲ್ಲಿ ನೀರು ತುಂಬಿತು. "ನನ್ನದು ತಪ್ಪಾಯ್ತು ಕಣೋ," ಎಂದಷ್ಟೇ ಅಂದಳು. ಯಾವ ತಪ್ಪು ಎಂದು ಅವನು ಕೇಳಲಿಲ್ಲ.

ಒಳಗಿಂದ ಇಬ್ಬರ ಹೆಸರನ್ನೂ ಕೂಗಿದರು. ಇಂಥ ಪಂದ್ಯಾವಳಿಗಳಲ್ಲಿ ಒಂದು ಕಟ್ಟುಪಾಡಿದೆ. ಸೋತವರು ಮೂಟೆ ಕಟ್ಟಿಕೊಂಡು ಹೊರಡುವ ಹಾಗಿಲ್ಲ. ಅದೇ ಬೋರ್ಡಿನ ಮುಂದಿನ ಪಂದ್ಯಕ್ಕೆ ಹಲಗೆಯ ಪಕ್ಕ ನಿಂತು ಅಂಕಿ ಬರೆದೇ ಹೋಗಬೇಕು. ಬೋಳುತಲೆಯವನೂ ಬೆಳಿಗ್ಗೆ ಅಲ್ಲಿ ಸೋತವನೇ. ಅದೇ ಬೋರ್ಡಿನಲ್ಲಿ ಮುಂದಿನ ಪಂದ್ಯ ಅವಳದೇ ಆಗಿತ್ತು, ಒಬ್ಬ ಎತ್ತರದ ಎಡಗೈ ಆಟಗಾರನ ಎದುರು.

"ಬೇರೆ ಯಾರನ್ನಾದರೂ ಹಾಕಿ ಅಂತ ಕೇಳಲಾ?" ಎಂದಳು ಅವಳು.

"ಬೇಡ," ಎಂದ ಅವನು, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು.

ಅವನು ಹೋಗಿ ಬಿಳಿ ಹಲಗೆ ಒರೆಸಿದ. ತನ್ನ ನಲವತ್ತು ಹೋಯಿತು, ಅವಳ ಮೂವತ್ತೆರಡು ಹೋಯಿತು. ಎರಡೂ ಅಂಕಣದ ಮೇಲೆ ಐನೂರ ಒಂದು ಎಂದು ಬರೆದ. ಅಂಕಿ ಬರೆಯುವವನು ಬೆನ್ನು ತಿರುಗಿಸುವ ಹಾಗಿಲ್ಲ, ಕಣ್ಣು ಮಿಟುಕಿಸಿದರೂ ತಕರಾರು ಬರುತ್ತದೆ. ಎಡಗೈ ಆಟಗಾರ ಆಗಲೇ ಗೋಡೆಯ ಕಡೆ ತಿರುಗಿ ನಿಂತಿದ್ದ. ಅವಳು ಗೆರೆಯ ಮೇಲೆ ನಿಂತು ಕೈ ಎತ್ತಿದಳು. ಕೈ ಹಿಂದೆ ಬಂತು, ಮುಂದೆ ಹೋಯಿತು, ಬೆರಳು ಬಿಡಲಿಲ್ಲ. ಬೋರ್ಡಿನ ಪಕ್ಕದಲ್ಲಿ ಬೇಕರಿಯವನು ಪೆನ್ನು ಹಿಡಿದು ಅವಳ ಕೈಯನ್ನೇ ನೋಡುತ್ತಿದ್ದ. ಎರಡನೆಯ ಸಲ, ಮೂರನೆಯ ಸಲ. ಅವನ ತುಟಿ ಬಿಗಿದಿತ್ತು, ಅವಳ ಕೈಯ ಜೊತೆಗೇ ಅವನ ಪೆನ್ನಿನ ಕೈಯೂ ಸಣ್ಣಗೆ ಮುಂದಕ್ಕೆ ಬಾಗುತ್ತಿತ್ತು. ನಾಲ್ಕನೆಯ ಸಲಕ್ಕೆ ಡಾರ್ಟ್ ಹೋಯಿತು.

"ಇಪ್ಪತ್ತು," ಎಂದು ಅವನು ಇಡೀ ಹಾಲ್‌ಗೆ ಕೇಳುವ ಹಾಗೆ ಕೂಗಿದ. ಒಂದೊಂದು ಡಾರ್ಟಿಗೂ ಕೂಗುವ ಪದ್ಧತಿ ಅಲ್ಲಿರಲಿಲ್ಲ.